ನಾಯಿಯ ಹಲ್ಲು ಮುರಿಯದ ಚ್ಯೂ (ಅಗಿಯೋಕೆ ಕೊಡೋ ವಸ್ತು) ಯಾವುದು? ಕೊಟ್ಟು ನೋಡಿದವರು ಹೇಳಿ

ಕೇಳಿದವರು: ನಮ್ಮ ಲ್ಯಾಬ್ರಡಾರ್ ನಾಯಿಗೆ ಒಂದೂವರೆ ವರ್ಷ. ಸಿಕ್ಕಿದ್ದೆಲ್ಲ ಅಗಿಯುತ್ತಾನೆ. ಹಲ್ಲೂ ಉಳಿಯಬೇಕು, ಗಂಟಲಿಗೂ ಸಿಕ್ಕಬಾರದು. ಏನು ಕೊಡಲಿ?

ಚಿನ್ನಿಯ ಅಮ್ಮ: ಕೊಂಬು ಮಾತ್ರ ಬೇಡ. ಎಂಟು ತಿಂಗಳು ಕೊಟ್ಟೆ. ಒಂದು ದಿನ ಚಿನ್ನಿ ಒಂದೇ ಕಡೆ ಅಗಿಯೋಕೆ ಶುರು ಮಾಡಿದಳು. ತುಟಿ ಎತ್ತಿ ನೋಡಿದರೆ ಮೇಲಿನ ದೊಡ್ಡ ದವಡೆ ಹಲ್ಲಿನ ಹೊರಮೈ ಚಕ್ಕೆ ಎದ್ದು ಹೋಗಿದೆ, ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಊಟ ಬಿಟ್ಟಿರಲಿಲ್ಲ, ಅದಕ್ಕೇ ನಾನು ತಡ ಮಾಡಿದೆ. ಎರಡು ವಾರಕ್ಕೆ ಕಣ್ಣಿನ ಕೆಳಗೆ ಬಾವು. ಆ ಹಲ್ಲಿಗೆ ಮೂರು ಬೇರು. ರಕ್ತ ಪರೀಕ್ಷೆ, ಎಕ್ಸ್‌ರೇ, ಪೂರ್ತಿ ಅನಸ್ತೇಶಿಯಾ, ಹಲ್ಲನ್ನು ಮೂರು ಹೋಳು ಮಾಡಿ ಕಿತ್ತರು. ಆಮೇಲೆ ಹೊಲಿಗೆ, ಎರಡು ವಾರ ಮೆತ್ತನೆ ಊಟ. ಈಗ ಉಗುರು ಒತ್ತಿದರೆ ಗುರುತು ಬೀಳದ್ದು ಯಾವುದೂ ಮನೆಯೊಳಗೆ ಬರಲ್ಲ.

ಎರಡು ಶೆಫರ್ಡ್: ನಮ್ಮಲ್ಲಿ ಒಂಬತ್ತು ವರ್ಷದಿಂದ ಹಸಿ ಮೂಳೆ. ಇಬ್ಬರಿಗೂ 42 ಹಲ್ಲು ಹಾಗೇ ಇವೆ. ಬೇಯಿಸಿದ್ದು ಕೊಟ್ಟು ಮೂಳೆಗೆ ಕೆಟ್ಟ ಹೆಸರು ತರಬೇಡಿ.

ಚಿನ್ನಿಯ ಅಮ್ಮ: ಎಣಿಸಿದ್ದೀರಿ ಸರ್, ಎಕ್ಸ್‌ರೇ ತೆಗೆಸಿದ್ದೀರಾ? ಹಸಿ ಮೂಳೆಯೂ ಹಲ್ಲು ಒಡೆಯುತ್ತೆ. ನನ್ನ ಚಿನ್ನಿಯೂ ಬಾಲ ಅಲ್ಲಾಡಿಸಿಕೊಂಡೇ ಉಣ್ಣುತ್ತಿದ್ದಳು.

ಗುಂಡನ ಮನೆ: ಬರೀ ಹಲ್ಲಿನ ಮಾತಾಯ್ತು. ಮೆತ್ತಗಾಗುತ್ತಲ್ಲ ಅಂತ ಒಣಚರ್ಮದ ಚ್ಯೂ ಕೊಟ್ಟೆ. ಕೊನೇ ತುಂಡನ್ನು ಗುಂಡ ಇಡಿಯಾಗಿ ನುಂಗಿದ. ಅದು ನೆನೆದು ಉಬ್ಬಿ ಕರುಳಿಗೆ ಅಡ್ಡ ಕೂತಿತು. ಸಂಜೆಯಿಂದ ಏಳು ಸಲ ವಾಂತಿ, ರಾತ್ರಿ ಎರಡಕ್ಕೆ ಆಪರೇಶನ್, ಮೂರು ದಿನ ಡ್ರಿಪ್, ಹೊಲಿಗೆ ನೆಕ್ಕದ ಹಾಗೆ ಹನ್ನೆರಡು ದಿನ ಕೊರಳಿಗೆ ಕೋನ್. ಆ ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಕೂತದ್ದು ಇನ್ನೂ ಮರೆತಿಲ್ಲ. ಈಗ ವಿಒಎಚ್‌ಸಿ (ಪ್ರಾಣಿಗಳ ಬಾಯಿ ಆರೋಗ್ಯದ ಮಂಡಳಿ) ಮುದ್ರೆಯ ಚ್ಯೂ ಮಾತ್ರ, ಅವನ ತೂಕಕ್ಕೆ ಹೇಳಿದ ಅಳತೆಯದ್ದು. ಎದುರಿಗೇ ಕೂತಿರುತ್ತೇನೆ, ಹೆಬ್ಬೆರಳಷ್ಟು ಉಳಿದಾಗ ಕಿತ್ತಿಡುತ್ತೇನೆ.

ದಿನಾ ಬ್ರಶ್: ಆ ಮುದ್ರೆ ಹೇಳೋದು ಹಲ್ಲಿನ ಪಾಚಿ, ಕರೆ ಕಡಿಮೆಯಾಗುತ್ತೆ ಅಂತ. ನಿಮ್ಮ ನಾಯಿ ನುಂಗಲ್ಲ ಅಂತಲ್ಲ. ಚ್ಯೂ ನಂಬಿ ಬ್ರಶ್ ಬಿಟ್ಟವರೇ ಜಾಸ್ತಿ. ನಾಲ್ಕು ವರ್ಷದಿಂದ ದಿನಾ ರಾತ್ರಿ ಉಜ್ಜುತ್ತೇನೆ, ನಾಯಿಗಳ ಪೇಸ್ಟಲ್ಲೇ. ನಮ್ಮ ಪೇಸ್ಟಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿಕಾರಕ ಇದ್ದರೆ ಅದು ನಾಯಿಗೆ ವಿಷ.

ಗುಂಡನ ಮನೆ: ನಾನು ಬ್ರಶ್ ಬಿಟ್ಟೆ ಅಂತ ಎಲ್ಲಿ ಹೇಳಿದೆ? ಓದಿ ಬರೀರಿ.

ಎರಡು ಶೆಫರ್ಡ್: ಮೇಡಂ, ಒಂಬತ್ತು ವರ್ಷ ನಾನು ಕಣ್ಣು ಮುಚ್ಚಿಕೊಂಡು ಸಾಕಿಲ್ಲ. ಇವರೆಲ್ಲ ದಿನವಿಡೀ ಟೆನಿಸ್ ಚೆಂಡು ಕಚ್ಚಿಸ್ತಾರಲ್ಲ, ಆ ಒರಟು ಬಟ್ಟೆಗೆ ಮಣ್ಣು ಹತ್ತಿ ಮರಳು ಕಾಗದದ ಹಾಗೆ ಹಲ್ಲು ಸವೆಸುತ್ತೆ. ಅದನ್ನು ಯಾರೂ ಕೇಳಲ್ಲ.

ದಿನಾ ಬ್ರಶ್: ಚೆಂಡಿನ ವಿಷಯ ಯಾರು ತೆಗೆದರು ಸರ್? ಎಕ್ಸ್‌ರೇ ಬಗ್ಗೆ ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ.