ಮ್ಯೂಸ್‌ಸ್ಕೋರ್‌ನಲ್ಲಿ ಕ್ವಾಯರ್ ನಿಜವಾಗಿ ಹಾಡಿದ ಹಾಗೆ ಕೇಳಿಸಬೇಕು, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮ ಚರ್ಚ್ ಕ್ವಾಯರ್‌ಗೆ ಒಂದು ಕನ್ನಡ ಕ್ರಿಸ್‌ಮಸ್ ಹಾಡನ್ನು ನಾಲ್ಕು ದನಿಗೆ (ಸೊಪ್ರಾನೋ, ಆಲ್ಟೋ, ಟೆನರ್, ಬೇಸ್) ಮ್ಯೂಸ್‌ಸ್ಕೋರ್ 4 ಅನ್ನೋ ಸ್ವರಲಿಪಿ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬರೆದಿದ್ದೇನೆ. ಪ್ಲೇ ಮಾಡಿದರೆ ಹಾರ್ಮೋನಿಯಂ ಮೇಲೆ ಕೈ ಇಟ್ಟು ತೆಗೆಯದೇ ಬಿಟ್ಟ ಹಾಗಿದೆ. ಕಲಿಯೋದಕ್ಕೆ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಳಿಸಬೇಕು. ಮೊದಲ ಪುಟ ಹಾಕಿದ್ದೇನೆ, ನೋಡ್ತೀರಾ?

ಉತ್ತರ: ನೋಡಿದೆ ಮೇಡಂ. ಸೊಪ್ರಾನೋ (ಹೆಂಗಸರ ಮೇಲಿನ ದನಿ) ಸಾಲಿನಲ್ಲಿ ಹದಿನಾರು ಬಾರ್‌ವರೆಗೆ (ತಾಳದ ಹದಿನಾರು ಮನೆ) ಒಂದೂ ರೆಸ್ಟ್, ಅಂದರೆ ಮೌನದ ಗುರುತು, ಇಲ್ಲ. ಹಾಡುವವರು ಉಸಿರು ಎಳೆದುಕೊಳ್ಳೋದು ಎಲ್ಲಿ? ಹಾರ್ಮೋನಿಯಂ ಥರ ಕೇಳಿಸೋದು ಅದಕ್ಕೇ. ಪ್ರಿಂಟ್ ಮಾಡುವ ಫೈಲ್ ಹಾಗೇ ಇರಲಿ, ಕೇಳಿಸೋದಕ್ಕೆ ಬೇರೆ ಕಾಪಿ ಮಾಡಿಕೊಳ್ಳಿ. ಅದರಲ್ಲಿ ಪ್ರತಿ ಸಾಲಿನ ಕೊನೆಯ ನೋಟ್ ಸ್ವಲ್ಪ ಮೊಟಕು ಮಾಡಿ, ಒಂದು ಕ್ವೇವರ್ (ಅರ್ಧ ಬೀಟ್) ರೆಸ್ಟ್ ಇಡಿ. ಟೆಂಪೋ ನಿಮಿಷಕ್ಕೆ 60 ಬೀಟ್ ಇದ್ದರೆ ಅದು ಅರ್ಧ ಸೆಕೆಂಡ್, ಉಸಿರಿಗೆ ಸಾಕು.

ನಾಲ್ಕೂ ದನಿಗೆ ಅದೇ ಜಾಗದಲ್ಲಿ ರೆಸ್ಟ್ ಬೇಡ. ಆಲ್ಟೋ (ಹೆಂಗಸರ ಕೆಳಗಿನ ದನಿ) ಒಂದು ಬೀಟ್ ಆಮೇಲೆ ಉಸಿರಾಡಲಿ. ಇಷ್ಟು ಮಾಡಿದರೇ ಅರ್ಧ ಜೀವ ಬರುತ್ತದೆ.

ಉದ್ದದ ನೋಟ್‌ಗಳೆಲ್ಲ ಒಂದೇ ಜೋರಿನಲ್ಲಿವೆ. ಅವುಗಳ ಕೆಳಗೆ ಹೇರ್‌ಪಿನ್ (ಜೋರು ಏರಿಸುವ, ಇಳಿಸುವ < > ಗುರುತು) ಹಾಕಿ, ದನಿ ಏರಿ ಇಳಿಯಲಿ. ಸೌಂಡ್‌ಗೆ ಮ್ಯೂಸ್ ಹಬ್ ಅನ್ನೋ ಆ್ಯಪ್‌ನಿಂದ ಮ್ಯೂಸ್ ಕ್ವಾಯರ್ ಅನ್ನೋ ಕ್ವಾಯರ್ ದನಿಗಳ ಸೆಟ್ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಟೆನರ್‌ಗೆ (ಗಂಡಸರ ಮೇಲಿನ ದನಿ) ಅಡಿಯಲ್ಲಿ 8 ಇರುವ ಟ್ರೆಬಲ್ ಕ್ಲೆಫ್ (ಸಾಲಿನ ಶುರುವಿನಲ್ಲಿ ಸ್ವರದ ಎತ್ತರ ಹೇಳುವ ಗುರುತು) ಬೇಕು. ನೀವು ಸಾದಾ ಕ್ಲೆಫ್ ಹಾಕಿದ್ದೀರಿ, ಗಂಡಸರ ದನಿ ಒಂದು ಆಕ್ಟೇವ್ ಮೇಲೆ ಹೋಗಿ ಹೆಂಗಸರ ದನಿಯ ಜೊತೆ ಸೇರಿಕೊಂಡಿದೆ.

ಪ್ರಶ್ನೆ: ಆ ಮ್ಯೂಸ್ ಕ್ವಾಯರ್ ಮಾತು ಹಾಡುತ್ತದಾ ಸರ್?

ಉತ್ತರ: ಇಲ್ಲ, ಪದ ಹಾಡುವುದಿಲ್ಲ. ಈಸ್ಟ್‌ವೆಸ್ಟ್ ಕಂಪನಿಯ ಹಾಲಿವುಡ್ ಕ್ವಾಯರ್ಸ್ ಅನ್ನೋ ಕ್ವಾಯರ್ ಸಾಫ್ಟ್‌ವೇರ್‌ನಲ್ಲಿ ವರ್ಡ್‌ಬಿಲ್ಡರ್ ಅನ್ನೋ ಸೌಲಭ್ಯ ಇದೆ, ಉಚ್ಚಾರಣೆ ಜೋಡಿಸಿ ಹಾಡಿಸಬಹುದು. ಆದರೆ ನಮ್ಮ ಳ, ಣ ಅದರ ಬಾಯಲ್ಲಿ ಹೊರಳಿಸೋದು ಕಷ್ಟ. ಕಲಿಯುವ ಟ್ರ್ಯಾಕ್‌ಗೆ ಅಷ್ಟೆಲ್ಲ ಬೇಕಿಲ್ಲ. ಕನ್ನಡ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ ಅಲ್ವಾ, ಬರೀ 'ಆ' ದನಿಯೂ ಒಪ್ಪುತ್ತದೆ. ಒತ್ತಕ್ಷರ ಬಂದಲ್ಲಿ ಮಾತ್ರ ಗಮನ ಕೊಡಿ. 'ಹುಟ್ಟಿದ' ಅನ್ನುವಾಗ 'ಟ್ಟ'ದ ಮುಂಚೆ ದನಿ ಒಂದು ಕ್ಷಣ ನಿಲ್ಲುತ್ತದೆ. 'ಹು' ನೋಟ್ ಚೂರು ಕತ್ತರಿಸಿ, ಒಂದು ಸೆಮಿಕ್ವೇವರ್ (ಕಾಲು ಬೀಟ್) ರೆಸ್ಟ್ ಇಡಿ. ಪದ ಇಲ್ಲದಿದ್ದರೂ ಕಿವಿಗೆ 'ಹುಟ್ಟಿದ' ಅಂತಲೇ ಕೇಳಿಸುತ್ತದೆ.

ನಾನು ಪ್ರತಿ ಸಲ ಮಾಡುವ ಇನ್ನೊಂದು ಕೆಲಸ ಹೇಳಿಬಿಡ್ತೀನಿ. ಆಡಿಯೋ ಎಕ್ಸ್‌ಪೋರ್ಟ್ ಮಾಡಿ, ಅದರ ಮೇಲೆ ನೀವೇ ಸೊಪ್ರಾನೋ ಸಾಲನ್ನು ಪದಗಳ ಸಮೇತ ಮೊಬೈಲ್‌ನಲ್ಲಿ ಹಾಡಿ ಸೇರಿಸಿ. ದನಿ ಮೆಲ್ಲಗಿದ್ದರೂ ಪರವಾಗಿಲ್ಲ. ಒಂದು ನಿಜವಾದ ಗಂಟಲು ಸೇರಿದ ಕೂಡಲೇ ಹಿಂದಿನ ದನಿಗಳೆಲ್ಲವೂ ಪದ ಹಾಡುತ್ತಿವೆ ಅನಿಸುತ್ತದೆ. ಮಾಡಿ ಇಲ್ಲೇ ಹಾಕಿ ಮೇಡಂ, ಕೇಳಿ ಹೇಳುತ್ತೇನೆ.