ಪದಚರ್ಚೆ: ರೆಸ್ಪಾನ್ಸಿವ್ ಪುಟವನ್ನು ‘ಸ್ಪಂದಿಸುವ’ ಪುಟ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಒಂದು ವೆಬ್ ಆ್ಯಪ್ ಮಾಡುತ್ತಿದ್ದೇವೆ. ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಯಾವಾಗ ಮಾಡಿದರು, ಯಾವ ಔಷಧ ಎಷ್ಟು ಹೊಡೆದರು ಅನ್ನುವುದನ್ನು ಬರೆದಿಡಲು. ಅದರ ಕೈಪಿಡಿ ಬರೆಯುವ ಕೆಲಸ ನನ್ನದು. ರೆಸ್ಪಾನ್ಸಿವ್ ಮತ್ತು ಕಾಂಟೆಕ್ಸ್ಟ್, ಈ ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ರೆಸ್ಪಾನ್ಸಿವ್ ಅನ್ನುವ ಮಾತನ್ನು ವೆಬ್ ವಿನ್ಯಾಸಕ್ಕೆ ತಂದವರು ಈಥನ್ ಮಾರ್ಕಾಟ್, 2010ರ ಮೇ ತಿಂಗಳ ಲೇಖನವೊಂದರಲ್ಲಿ. ಒಂದೇ ಪುಟ ಮೊಬೈಲಿನಲ್ಲಿ ಒಂದು ಕಾಲಂ ಆಗಿ, ಕಂಪ್ಯೂಟರಿನಲ್ಲಿ ಮೂರು ಕಾಲಂ ಆಗಿ ತಾನೇ ಜೋಡಿಸಿಕೊಳ್ಳಬೇಕು ಅನ್ನುವುದು ಇದರ ತಿರುಳು. ಪರದೆಯ ಅಗಲ ಇಷ್ಟಿದ್ದರೆ ಹೀಗೆ ಜೋಡಿಸು ಎಂದು ಪುಟದ ಕೋಡಿನಲ್ಲಿ ಮೀಡಿಯಾ ಕ್ವೆರಿ ಎಂಬ ಸೂಚನೆಯಾಗಿ ಮೊದಲೇ ಬರೆದಿರುತ್ತೇವೆ. ಮಾರ್ಕಾಟ್ ಈ ಪದವನ್ನು ಎತ್ತಿಕೊಂಡಿದ್ದು ಕಟ್ಟಡ ವಿನ್ಯಾಸದಿಂದ. ಒಳಗಿರುವ ಜನರನ್ನು ನೋಡಿಕೊಂಡು ಗೋಡೆ, ಕೋಣೆ ಬದಲಾಗುವಂಥ ಕಟ್ಟಡಗಳ ಕಲ್ಪನೆ ಅಲ್ಲಿತ್ತು.

ಇದಕ್ಕೆ ಕನ್ನಡದಲ್ಲಿ ‘ಸ್ಪಂದನಶೀಲ’, ‘ಸ್ಪಂದಿಸುವ’ ಎಂದು ಬರೆಯುವುದನ್ನು ನೋಡಿದ್ದೇನೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ‘ಅಧಿಕಾರಿಗಳು ಮನವಿಗೆ ಸ್ಪಂದಿಸಲಿಲ್ಲ’ ಎಂದು ಪೇಪರಿನಲ್ಲಿ ಓದಿದವರಿಗೆ ಸ್ಪಂದಿಸುವುದು ಅಂದರೆ ಕಷ್ಟ ಕೇಳಿ ಉತ್ತರ ಕೊಡುವುದು. ತಿಕೋಟಾ ಕಡೆಯ ಬೆಳೆಗಾರರೊಬ್ಬರು ಕರಡು ಓದಿ ಕೇಳಿದ್ದೂ ಅದನ್ನೇ: “ಸ್ಪಂದಿಸತೈತಿ ಅಂದ್ರ, ನಾವು ಬರದಿದ್ದಕ್ಕ ಆ ಕಡಿಂದ ಯಾರರ ಉತ್ತರ ಕೊಡ್ತಾರೇನ್ರಿ?” ಅವರು ಓದಿದ್ದರಲ್ಲಿ ತಪ್ಪೇನೂ ಇಲ್ಲ. ಪದ ಆ ದಾರಿಗೇ ಕರೆದುಕೊಂಡು ಹೋಗುತ್ತದೆ.

‘ಹೊಂದಿಕೊಳ್ಳುವ’ ಇದಕ್ಕಿಂತ ವಾಸಿ. ಆದರೆ ನಮ್ಮಲ್ಲಿ ‘ಹೊಂದಿಕೊಂಡು ಹೋಗಬೇಕು’ ಅನ್ನುವುದನ್ನು ಸೊಸೆಗೆ, ಹೊಸ ಊರಿಗೆ ವರ್ಗವಾಗಿ ಬಂದವರಿಗೆ ಹೇಳುವುದು ಜಾಸ್ತಿ. ಕಷ್ಟ ನುಂಗಿಕೊಂಡು ಇರು ಅನ್ನುವ ನೆರಳು ಅದಕ್ಕಿದೆ, ಅಲ್ವಾ? ‘ಒಗ್ಗುವ’ ಕೂಡ ಯೋಚಿಸಿದೆ. ‘ಆ ಊರಿನ ನೀರು ಒಗ್ಗಲಿಲ್ಲ’ ಅನ್ನುತ್ತೇವಲ್ಲ, ಆ ಒಗ್ಗು. ಅದು ದಿನ ಕಳೆದಂತೆ ಆಗುವುದು. ಪುಟ ಜೋಡಣೆಯಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ.

ನನ್ನ ಮನಸ್ಸು ‘ತಕ್ಕ’ ಅನ್ನುವುದರ ಕಡೆಗಿದೆ. ಪರದೆಗೆ ತಕ್ಕ ಪುಟ. ಅಳತೆಗೆ ತಕ್ಕಂತೆ, ಕಾಲಕ್ಕೆ ತಕ್ಕಂತೆ ಎಂದು ಎಲ್ಲರೂ ಆಡುವ ಮಾತು. ಯಾವುದಕ್ಕೆ ತಕ್ಕ ಅನ್ನುವುದನ್ನು ಪಕ್ಕದಲ್ಲೇ ಹೇಳಲೇಬೇಕಾಗುತ್ತದೆ, ಅದೇ ಇದರ ದೊಡ್ಡ ಅನುಕೂಲ. ಓದುಗರಿಗೆ ಅನುಮಾನ ಉಳಿಯುವುದಿಲ್ಲ.

ಕಾಂಟೆಕ್ಸ್ಟ್‌ಗೆ ‘ಸಂದರ್ಭ’ವೇ ಸಾಕು ಅನಿಸುತ್ತದೆ. ‘ಮದುವೆ ಸಂದರ್ಭದಲ್ಲಿ’ ಎಂದಾಗ ಅದು ಬರೀ ಸಮಯ, ನಿಜ. ಆದರೆ ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಯದೆ ನಾವ್ಯಾರೂ ಶಾಲೆ ದಾಟಿಲ್ಲ. ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು? 1994ರಲ್ಲಿ ಕಂಪ್ಯೂಟರ್ ಸಂಶೋಧಕ ಬಿಲ್ ಶಿಲಿಟ್ ಮತ್ತು ಜೊತೆಗಾರರು ಕಂಪ್ಯೂಟರಿನ ಕಾಂಟೆಕ್ಸ್ಟ್ ಅಂದರೇನು ಎಂದು ಬರೆದಾಗ ಮುಂದಿಟ್ಟಿದ್ದೂ ಹೆಚ್ಚುಕಡಿಮೆ ಇಂಥವೇ: ನೀವು ಎಲ್ಲಿದ್ದೀರಿ, ಯಾರ ಜೊತೆ ಇದ್ದೀರಿ, ಹತ್ತಿರ ಏನೇನು ಸಿಗುತ್ತದೆ. ‘ಪರಿಸ್ಥಿತಿ’ ಮಾತ್ರ ಬೇಡ. ನಮ್ಮ ಕಡೆ ಅದು ದುಡ್ಡಿನ ಅಡಚಣೆಯ ಮಾತು.

ಪರದೆಗೆ ತಕ್ಕಂತೆ ಇರುವುದೇ ಬೇರೆ, ಸಂದರ್ಭಕ್ಕೆ ತಕ್ಕಂತೆ ಇರುವುದೇ ಬೇರೆ. ಕೈಪಿಡಿಯಲ್ಲಿ ಇವೆರಡು ಕಲಸಿಹೋಗಬಾರದು. ಪರದೆಯ ಅಗಲ, ಒತ್ತುವುದು ಬೆರಳಿನಿಂದಲೋ ಮೌಸಿನಿಂದಲೋ, ಡಾರ್ಕ್ ಮೋಡ್ ಇದೆಯೋ, ಇಷ್ಟನ್ನು ಬ್ರೌಸರ್ ತಾನೇ ಹೇಳುತ್ತದೆ. ಔಷಧ ಹೊಡೆಯುತ್ತಿರುವವರ ಕೈಗೆ ಗ್ಲೌಸ್ ಇದೆ ಅನ್ನುವುದು ಅದಕ್ಕೆ ತಿಳಿಯದು. ಅದಕ್ಕೇ ‘ತೋಟದಲ್ಲಿದ್ದೇನೆ’ ಎಂಬ ಬಟನ್ ಇಟ್ಟಿದ್ದೇವೆ. ಒತ್ತಿದರೆ ಬಿಳಿ ಮೇಲೆ ಕಪ್ಪು ಅಕ್ಷರ ದಪ್ಪಗೆ ಬರುತ್ತದೆ, ಬಟನ್‌ಗಳು ದೊಡ್ಡವಾಗುತ್ತವೆ, ನೆಟ್‌ವರ್ಕ್ ಇಲ್ಲದಿದ್ದರೂ ಬರೆದದ್ದು ಮೊಬೈಲಿನಲ್ಲೇ ಉಳಿದು ಆಮೇಲೆ ಹೋಗುತ್ತದೆ. ವೆಬ್ ಪುಟಗಳು ಅಂಗವಿಕಲರೂ ಸೇರಿ ಎಲ್ಲರಿಗೂ ಬಳಸಲು ಬರುವಂತಿರಲಿ ಎಂದು ಮಾಡಿದ 2023ರ ಡಬ್ಲ್ಯುಸಿಎಜಿ 2.2 ನಿಯಮದಲ್ಲಿ ಒತ್ತುವ ಜಾಗದ ಅಗಲ, ಎತ್ತರ ಕನಿಷ್ಠ 24 ಪಿಕ್ಸೆಲ್ ಇರಬೇಕೆಂದಿದೆ. ಗ್ಲೌಸ್ ಹಾಕಿದ ಬೆರಳಿಗೆ ಅದು ಏನೇನೂ ಸಾಲದು. ಡಿವೈಸ್‌ಗೆ ‘ಉಪಕರಣ’ ಅಂದರೆ ರೈತರಿಗೆ ನೆನಪಾಗುವುದು ಸ್ಪ್ರೇಯರ್, ರೋಟಾವೇಟರ್. ಹಾಗಾಗಿ ಸುಮ್ನೆ ‘ಮೊಬೈಲ್’, ‘ಕಂಪ್ಯೂಟರ್’ ಎಂದೇ ಬರೆಯುತ್ತಿದ್ದೇನೆ.

ಈಗ ನನ್ನ ಪ್ರಶ್ನೆ. ‘ಪರದೆಗೆ ತಕ್ಕ ಪುಟ’ ಸರಾಗವಾಗಿದೆ. ಆದರೆ ಆ ಗುಣಕ್ಕೇ ಒಂದು ಹೆಸರು ಬೇಕಾದಾಗ ಏನು ಮಾಡುವುದು? ‘ತಕ್ಕತನ’ ಕಿವಿಗೆ ಹಿತವಾಗಿಲ್ಲ, ‘ತಕ್ಕುದು’ ಹಳಗನ್ನಡದಂತೆ ಕೇಳಿಸುತ್ತದೆ. ಇನ್ನೊಂದು, ಅಡಾಪ್ಟಿವ್ ವಿನ್ಯಾಸ. ಅದರಲ್ಲಿ ಪುಟ ಹಿಗ್ಗಿ ಕುಗ್ಗುವುದಿಲ್ಲ. ಮೊದಲೇ ಮಾಡಿಟ್ಟ ಕೆಲವು ಅಳತೆಗಳಲ್ಲಿ ಸರಿಯಾದದ್ದನ್ನು ಆರಿಸಿ ತೋರಿಸುತ್ತದೆ. ಅದನ್ನೂ ‘ತಕ್ಕ’ ಅಂದರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಹೊಲಿಗೆ, ನೇಯ್ಗೆ, ಬಡಗಿ ಕೆಲಸ ಮಾಡುವವರ ಮಾತಿನಲ್ಲಿ ಇದಕ್ಕೆ ಒಪ್ಪುವ ಪದವೇನಾದರೂ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆಗೆ ತಿಳಿಸಿ.