ಮೇಲಿನ ಸ್ಟೇಕ್ಸಿಗೆ (ದೊಡ್ಡ ಪಣದ ಟೇಬಲ್‌ಗೆ) ಹೋದಾಗ ಎಷ್ಟು ಆಡಬೇಕು? ಪೋಕರ್ ತರಬೇತುದಾರರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ನಮ್ಮ ಮೈಸೂರು–ಮಂಡ್ಯ ಬಳಗದ ಸದಸ್ಯರೊಬ್ಬರು ಒಂಬತ್ತು ವರ್ಷ ಆನ್‌ಲೈನ್ ಪೋಕರನ್ನೇ ವೃತ್ತಿಯಾಗಿಸಿಕೊಂಡಿದ್ದವರು. ಈಗ ಕಾನೂನಿನ ಅನುಮತಿ ಇರುವ ದೇಶಗಳಲ್ಲಿ ನೆಲೆಸಿದ ಆಟಗಾರರಿಗೆ ತರಬೇತಿ ಕೊಡುತ್ತಿದ್ದಾರೆ. ಇಂದು ಸಂಜೆ ಅವರು ಉತ್ತರಿಸುತ್ತಾರೆ. ಆಟದ ಪ್ರಮಾಣ ಮತ್ತು ಏಕಾಗ್ರತೆ, ಇವೆರಡಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಕೇಳಬೇಕಾಗಿ ವಿನಂತಿ.

ತರಬೇತುದಾರರು: ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಪ್ರಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ ಆಟವಾಗಿರಲಿ ಅದೃಷ್ಟದ ಆಟವಾಗಿರಲಿ, ನಮ್ಮ ದೇಶದಲ್ಲಿ ಯಾರೂ ನಡೆಸುವಂತಿಲ್ಲ. ಆದ್ದರಿಂದ ಎಲ್ಲಿ ಆಡಬಹುದು ಎಂಬ ಪ್ರಶ್ನೆಗೆ ನನ್ನಿಂದ ಉತ್ತರ ಸಿಗುವುದಿಲ್ಲ.

ಲೀಡ್ಸ್‌ನಲ್ಲಿರುವ ಮೈಸೂರಿಗ: ಸರ್, ನಾನು ಸರಸ್ವತಿಪುರಂನವನು, ಐದು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ, ಇಲ್ಲಿ ಪರವಾನಗಿ ಇರುವ ತಾಣದಲ್ಲೇ ಆಡುತ್ತೇನೆ. ಆರು ಜನರ ಟೇಬಲ್‌ಗಳಲ್ಲಿ, ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಒಬ್ಬರು ಇಡಬೇಕಾದ ಪಣ) 10 ಸೆಂಟ್ ಇರುವಲ್ಲಿ, ಒಮ್ಮೆಗೆ ನಾಲ್ಕು ಟೇಬಲ್ ತೆರೆದು 60,000 ಹ್ಯಾಂಡ್ (ಎಲೆ ಹಂಚಿ ಆಡುವ ಸುತ್ತು) ಆಡಿದೆ. ನೂರು ಹ್ಯಾಂಡಿಗೆ ನಾಲ್ಕು ಬ್ಲೈಂಡ್‌ನಂತೆ ಗೆಲುವು ಬಂತು. ಎರಡು ವಾರದ ಹಿಂದೆ 25 ಸೆಂಟ್‌ಗೆ ಏರಿದೆ, ಬೇಗ ಅನುಭವ ಬರಲಿ ಎಂದು ಆರು ಟೇಬಲ್ ತೆರೆಯತೊಡಗಿದೆ. ಕೆಲಸ ಮುಗಿಸಿ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬಿಡುವಿಲ್ಲದೆ ಆಡುತ್ತೇನೆ. 11,000 ಹ್ಯಾಂಡ್‌ಗಳಲ್ಲಿ ನೂರಕ್ಕೆ ಮೂರು ಬ್ಲೈಂಡ್ ಸೋತಿದ್ದೇನೆ. ಕೆಳಗಿಳಿಯಬೇಕೇ, ಅಥವಾ ಇನ್ನಷ್ಟು ಆಡಿದರೆ ಸರಿಹೋಗುತ್ತದೆಯೇ?

ತರಬೇತುದಾರರು: ಅಂಕಿಗಳನ್ನು ಬರೆದು ಕೇಳಿದ್ದೀರಿ, ಸಂತೋಷ. ಹೀಗೆ ಕೇಳುವವರು ಕಡಿಮೆ.

ಮೊದಲು ಆ 11,000 ಹ್ಯಾಂಡ್‌ಗಳಿಗೆ ಎಷ್ಟು ಬೆಲೆ ಕೊಡಬಹುದೆಂದು ನೋಡೋಣ. ಆರು ಜನರ ನೋ-ಲಿಮಿಟ್ (ಬೆಟ್‌ಗೆ ಮಿತಿಯಿಲ್ಲದ) ಆಟದಲ್ಲಿ ನೂರು ಹ್ಯಾಂಡಿನ ಫಲಿತಾಂಶ ಸುಮಾರು 90 ಬ್ಲೈಂಡ್‌ನಷ್ಟು ಆಚೀಚೆ ತೂಗಾಡುತ್ತದೆ. ಈ ಏರಿಳಿತವನ್ನೇ ನಾವು ವೇರಿಯನ್ಸ್ ಎನ್ನುವುದು. ಹಾಗೆ ಲೆಕ್ಕ ಹಾಕಿದರೆ 11,000 ಹ್ಯಾಂಡ್‌ಗಳ ಸರಾಸರಿಯಲ್ಲಿ ಎಂಟೂವರೆ ಬ್ಲೈಂಡ್‌ನಷ್ಟು ಅನಿಶ್ಚಿತತೆ ಉಳಿಯುತ್ತದೆ. ನಿಮ್ಮ ಮೂರು ಬ್ಲೈಂಡ್ ಸೋಲು ಅದರೊಳಗೆ ಮುಳುಗಿಹೋಗುತ್ತದೆ. ಕೆಳಗಿನ ಸ್ಟೇಕ್ಸಿನ 60,000 ಹ್ಯಾಂಡ್‌ಗಳಲ್ಲೂ ಸುಮಾರು 3.7 ಬ್ಲೈಂಡ್‌ನಷ್ಟು ಅನಿಶ್ಚಿತತೆ ಇದ್ದೇ ಇದೆ, ಆದ್ದರಿಂದ ಆ ನಾಲ್ಕು ಬ್ಲೈಂಡ್ ಗೆಲುವನ್ನು ಕೂಡ ಕೈಯಲ್ಲಿರುವ ಹಣದಂತೆ ಎಣಿಸಬೇಡಿ. ಗೆಲುವು ಸೋಲಿನ ಅಂಕಿ ನೋಡಿ ನೀವು ಈಗ ಏನನ್ನೂ ತೀರ್ಮಾನಿಸುವಂತಿಲ್ಲ.

ಆದರೆ ತೀರ್ಮಾನಿಸಬಹುದಾದ ಸಂಗತಿ ಬೇರೆ ಇದೆ. ಒಂದು ಟೇಬಲ್‌ನಲ್ಲಿ ಗಂಟೆಗೆ ಸುಮಾರು 70 ಹ್ಯಾಂಡ್ ಬರುತ್ತವೆ ಎಂದುಕೊಳ್ಳಿ. ನಾಲ್ಕು ಟೇಬಲ್‌ಗೆ 280, ಆರಕ್ಕೆ 420. ಶಿಸ್ತಿನ ಆಟಗಾರ ಕಾಲು ಭಾಗ ಹ್ಯಾಂಡ್‌ಗಳನ್ನು ಆಡಿ ಉಳಿದವನ್ನು ಮೊದಲೇ ಫೋಲ್ಡ್ ಮಾಡುತ್ತಾನೆ (ಎಲೆ ಬಿಟ್ಟುಕೊಡುತ್ತಾನೆ). ಅಂದರೆ ತಲೆ ಓಡಿಸಬೇಕಾದ ಹ್ಯಾಂಡ್‌ಗಳು ಗಂಟೆಗೆ 70 ಇದ್ದದ್ದು 105 ಆದವು. ಅದೇ ಹೊತ್ತಿನಲ್ಲಿ ಎದುರಾಳಿಗಳೂ ಬದಲಾದರು. ಮೇಲಿನವರು ನೀವು ರೈಸ್ ಮಾಡಿದರೆ (ಪಣ ಏರಿಸಿದರೆ) ಮತ್ತೆ ರೈಸ್ ಮಾಡುತ್ತಾರೆ, ಟರ್ನ್‌ನಲ್ಲೂ (ಮೇಜಿನ ಮೇಲೆ ನಾಲ್ಕನೆಯ ಎಲೆ ತೆರೆದಾಗಲೂ) ಬ್ಲಫ್ ಮುಂದುವರಿಸುತ್ತಾರೆ, ನೀವು ಪದೇಪದೇ ಫೋಲ್ಡ್ ಮಾಡುವುದನ್ನು ಗುರುತಿಟ್ಟುಕೊಳ್ಳುತ್ತಾರೆ. ನಿರ್ಧಾರಗಳ ಸಂಖ್ಯೆ ಮತ್ತು ಅವುಗಳ ಕಷ್ಟ ಎರಡನ್ನೂ ನೀವು ಒಂದೇ ವಾರದಲ್ಲಿ ಹೆಚ್ಚಿಸಿಕೊಂಡಿರಿ. ನಿಮ್ಮ ತಪ್ಪು ಇದೊಂದೇ ಎಂದು ನನಗೆ ಅನ್ನಿಸುತ್ತದೆ, ಮತ್ತು ಮೇಲಕ್ಕೆ ಏರುವ ಬಹುತೇಕ ಆಟಗಾರರಲ್ಲಿ ನಾನು ಕಂಡಿರುವುದೂ ಇದೇ ತಪ್ಪು. ನಾನು ಕೂಡ ಅದನ್ನೇ ಮಾಡಿ ಒಂದು ಇಡೀ ಮಳೆಗಾಲ ಸೋತಿದ್ದೇನೆ.

ಮೂರು ಟೇಬಲ್‌ಗೆ ಇಳಿಯಿರಿ, ಸ್ಟೇಕ್ಸ್ ಮಾತ್ರ ಹಾಗೆಯೇ ಇರಲಿ. ಮೂರು ಗಂಟೆಯ ಒಂದೇ ಕೂರುವಿಕೆಯ ಬದಲು 50 ನಿಮಿಷದ ಎರಡು ಕೂರುವಿಕೆ ಸಾಕು, ನಡುವಿನ ಹತ್ತು ನಿಮಿಷ ಪರದೆಯ ಮುಂದೆ ಇರಬೇಡಿ, ಫೋನನ್ನೂ ನೋಡಬೇಡಿ. ಸಂಶಯ ಬಂದ ಹ್ಯಾಂಡನ್ನು ಆಡುತ್ತಲೇ ವಿಶ್ಲೇಷಿಸಬೇಡಿ, ಗುರುತು ಹಾಕಿ ಬಿಡಿ. ಆಟಕ್ಕೆ ಕೂರುವ ಮೊದಲು ಹಿಂದಿನ ದಿನ ಗುರುತು ಹಾಕಿದ ಎರಡು ಮೂರು ಹ್ಯಾಂಡ್‌ಗಳನ್ನು ನಿಧಾನವಾಗಿ ಬಿಡಿಸಿ ನೋಡಿ. ದಣಿವನ್ನು ಪರೀಕ್ಷಿಸಲು ನಾನು ನಂಬುವ ಉಪಾಯ ಹೀಗಿದೆ: ಈಗಷ್ಟೇ ಮುಗಿದ ಹ್ಯಾಂಡಿನಲ್ಲಿ ಎದುರಾಳಿ ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲ ಮೂರು ಎಲೆ ತೆರೆದಾಗ) ಎಷ್ಟು ಬೆಟ್ ಮಾಡಿದ, ಅದು ಏಕಿರಬಹುದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎರಡು ಬಾರಿ ನೆನಪಾಗದಿದ್ದರೆ, ಗೆಲ್ಲುತ್ತಿದ್ದರೂ ಎದ್ದುಬಿಡಿ. ಮೂರು ವಾರ ಹೀಗೆ ನಡೆದು, ಎರಡನೆಯ ಕೂರುವಿಕೆಯ ಕೊನೆಯಲ್ಲೂ ನಿರ್ಧಾರಗಳು ಸ್ಪಷ್ಟವಾಗಿದ್ದರೆ ಒಂದು ಟೇಬಲ್ ಸೇರಿಸಿ.

ನಿಮ್ಮ ಹಳೆಯ 11,000 ಹ್ಯಾಂಡ್‌ಗಳನ್ನು ಗಂಟೆಗಳ ಲೆಕ್ಕದಲ್ಲಿ ಬೇರೆ ಮಾಡಿ ನೋಡಿದ್ದೀರಾ? ರಿವರ್‌ನಲ್ಲಿ (ಕೊನೆಯ ಎಲೆ ತೆರೆದಾಗ) ದೊಡ್ಡ ಬೆಟ್‌ಗಳಿಗೆ ಮೂರನೆಯ ಗಂಟೆಯಲ್ಲಿ ಎಷ್ಟು ಬಾರಿ ಕಾಲ್ ಮಾಡಿದ್ದೀರಿ (ಅಷ್ಟೇ ಹಣ ಇಟ್ಟು ಆಟದಲ್ಲಿ ಉಳಿದಿದ್ದೀರಿ), ಮೊದಲ ಗಂಟೆಯಲ್ಲಿ ಎಷ್ಟು, ಅದನ್ನು ತಿಳಿಯಲು ನನಗೆ ಕುತೂಹಲವಿದೆ.

ವಿಜಯನಗರದ ಗೃಹಿಣಿ: ನಾನು ಹಣವಿಲ್ಲದ, ಉಚಿತ ಚಿಪ್‌ಗಳ ಟೂರ್ನಮೆಂಟ್ ಮಾತ್ರ ಆಡುತ್ತೇನೆ. ಮಕ್ಕಳು ನಡುವೆ ಕರೆಯುತ್ತಾರೆ, ಗಮನ ಒಡೆಯುತ್ತದೆ. ಏನು ಮಾಡಲಿ?

ತರಬೇತುದಾರರು: ಮೇಡಂ, ಉಚಿತ ಚಿಪ್ ಎಂದು ಗಮನಕ್ಕೆ ಬೆಲೆ ಕಡಿಮೆಯಾಗುವುದಿಲ್ಲ. ಎರಡು ಗಂಟೆಯ ಟೂರ್ನಮೆಂಟ್ ಬಿಟ್ಟು, ಒಂದೇ ಟೇಬಲ್‌ನಲ್ಲಿ ಆರೇಳು ಜನ ಆಡಿ ಬೇಗ ಮುಗಿಸುವಂಥದ್ದನ್ನು ಆರಿಸಿಕೊಳ್ಳಿ. ಕರೆ ಬಂದಾಗ ಫೋಲ್ಡ್ ಮಾಡಿ ಎದ್ದು ಹೋಗಿ, ಅರ್ಧ ಮನಸ್ಸಿನಿಂದ ಕಾಲ್ ಮಾಡಬೇಡಿ.

ಹೆಬ್ಬಾಳದ ಸದಸ್ಯ: ಸರ್, ಒಟ್ಟು ಎಷ್ಟು ಟೇಬಲ್ ಆಡಬೇಕು?

ತರಬೇತುದಾರರು: ಮೇಲಿನ ಉತ್ತರ ಓದಿ.

ಪಾಂಡವಪುರದ ಅಣ್ಣ: ನನಗೆ ಬಂದ ಒಂದು ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ, ಎಲ್ಲರಿಗೂ ಉಪಯೋಗವಾದೀತು. «ಬೆಳಿಗ್ಗೆ ಒಂದೆಲಗದ ರಸಕ್ಕೆ ತುಪ್ಪ ಬೆರೆಸಿ ಕುಡಿದರೆ ಎಂಟು ಗಂಟೆ ಏಕಾಗ್ರತೆ ಕದಲುವುದಿಲ್ಲ. ವಿದೇಶಿ ಆಟಗಾರರು ಮೊಡಾಫಿನಿಲ್ ಮಾತ್ರೆ ನುಂಗಿ ನಿದ್ದೆಯಿಲ್ಲದೆ ಆಡುತ್ತಾರೆ. ಪ್ರತಿ ಸೋಲಿನ ನಂತರ ಪಣ ಇಮ್ಮಡಿ ಮಾಡಿದವನಿಗೆ ಸೋಲೇ ಇಲ್ಲ.»

ತರಬೇತುದಾರರು: ಒಂದೆಲಗದ ಚಟ್ನಿ ನಮ್ಮ ಮನೆಯಲ್ಲೂ ಮಾಡುತ್ತಾರೆ, ಊಟಕ್ಕೆ ಒಳ್ಳೆಯದು. ಅದಕ್ಕೂ ಎಂಟು ಗಂಟೆಯ ಆಟಕ್ಕೂ ಸಂಬಂಧವಿಲ್ಲ. ಮೊಡಾಫಿನಿಲ್ ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕಾದ, ನಿದ್ದೆಯ ಕಾಯಿಲೆಗಳಿಗೆ ಬಳಸುವ ಔಷಧ. ಅದನ್ನು ನುಂಗಿ ಎಚ್ಚರವಾಗಿದ್ದವನ ತೀರ್ಮಾನಗಳು ಚೆನ್ನಾಗಿರುತ್ತವೆ ಎಂದು ಯಾರೂ ತಿಳಿಯಬೇಡಿ. ಪಣ ಇಮ್ಮಡಿ ಮಾಡುವ ಮಾತನ್ನಂತೂ ದಯವಿಟ್ಟು ಯಾರಿಗೂ ಮುಂದೆ ಕಳುಹಿಸಬೇಡಿ. 100 ರೂಪಾಯಿಯಿಂದ ಆರಂಭಿಸಿ ಸತತ ಎಂಟು ಬಾರಿ ಸೋತರೆ 25,500 ರೂಪಾಯಿ ಹೋಗಿರುತ್ತದೆ, ಒಂಬತ್ತನೆಯದಕ್ಕೆ 25,600 ಇಡಬೇಕಾಗುತ್ತದೆ, ಗೆದ್ದರೂ ಸಿಗುವ ಲಾಭ 100 ರೂಪಾಯಿ. ಪೋಕರ್‌ನಲ್ಲಿ ಇದು ಇನ್ನೂ ಕೆಟ್ಟದ್ದು, ಏಕೆಂದರೆ ಪಣ ಹೆಚ್ಚಿಸುವುದೆಂದರೆ ಸೋತು ಕುದಿಯುತ್ತಿರುವ ಮನಸ್ಸಿನಿಂದ ಹೆಚ್ಚು ಬಲ್ಲವರ ಎದುರು ಹೋಗಿ ಕೂರುವುದು.

ನಿವೃತ್ತ ಗಣಿತ ಮೇಷ್ಟ್ರು: ಕ್ಷಮಿಸಿ, ಇದೆಲ್ಲ ಜೂಜಿನ ಪಾಠವಲ್ಲವೇ? ಇಸ್ಪೀಟಿಗೆ ಏಕಾಗ್ರತೆ ಕಲಿಸುವುದನ್ನು ನಮ್ಮ ಬಳಗದಲ್ಲಿ ನೋಡಬೇಕಾಗಿ ಬಂದದ್ದು ನನಗೆ ನೋವು ತಂದಿದೆ.

ರಾಮಕೃಷ್ಣನಗರದ ಸದಸ್ಯ: ಮೇಷ್ಟ್ರೇ, ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ನಮ್ಮ ರಾಜ್ಯದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ತಿಳಿದು ಮಾತನಾಡಿ.

ನಿವೃತ್ತ ಗಣಿತ ಮೇಷ್ಟ್ರು: ತಿಳಿದೇ ಮಾತನಾಡುತ್ತಿದ್ದೇನೆ. ಆಮೇಲೆ ಬಂದ ಕೇಂದ್ರದ ಕಾಯ್ದೆಯನ್ನು ತಾವು ಬಿಟ್ಟಿರಿ. ಅದಿರಲಿ, ಆರು ಜನ ತಲಾ ನೂರು ಇಟ್ಟು ಆಡಿದರೆ ಮೇಜಿನ ಮೇಲಿರುವುದು ಆರುನೂರು. ನಡೆಸುವವನು ಕೂಡಿದ ಪಣದಿಂದ ತನ್ನ ಪಾಲು ತೆಗೆದ ಮೇಲೆ ಉಳಿಯುವುದು ಆರುನೂರಕ್ಕಿಂತ ಕಡಿಮೆ. ಎಷ್ಟೇ ಕೌಶಲವಿರಲಿ, ಆರೂ ಜನ ಒಟ್ಟಾಗಿ ಸೋಲಲೇಬೇಕು.

ರಾಮಕೃಷ್ಣನಗರದ ಸದಸ್ಯ: ಷೇರು ಮಾರುಕಟ್ಟೆಯಲ್ಲಿ ದಲ್ಲಾಳಿಗೆ ಪಾಲು ಹೋಗುವುದಿಲ್ಲವೇ? ಅದನ್ನೂ ಜೂಜು ಎನ್ನಿ.

ತರಬೇತುದಾರರು: ಪಾಲಿನ ಲೆಕ್ಕದಲ್ಲಿ ಮೇಷ್ಟ್ರು ಹೇಳಿದ್ದು ಸರಿ. ಅದಕ್ಕೆ ರೇಕ್ ಎನ್ನುತ್ತಾರೆ. ಸಣ್ಣ ಸ್ಟೇಕ್ಸಿನಲ್ಲಿ ಬ್ಲೈಂಡ್‌ಗಳ ಲೆಕ್ಕದಲ್ಲಿ ಅದರ ಭಾರ ಹೆಚ್ಚು. ಸಾಧಾರಣವಾಗಿ ಆಡುತ್ತಾ ಟೇಬಲ್ ಸಂಖ್ಯೆಯನ್ನಷ್ಟೇ ಹೆಚ್ಚಿಸುವವನು ರೇಕನ್ನು ಬೇಗಬೇಗ ಕಟ್ಟುತ್ತಾನೆ, ಅಷ್ಟೇ. ಉಳಿದ ವಾದವನ್ನು ಬೇರೆ ಕಡೆ ಮುಂದುವರಿಸಿ.

ಮದ್ದೂರಿನ ಸದಸ್ಯ: ಸರ್, ನನ್ನ ತಮ್ಮನ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು ಇಪ್ಪತ್ತಾರು, ಬೆಂಗಳೂರಿನ ಕೆಲಸ ಬಿಟ್ಟು ಬಂದು ಆರು ತಿಂಗಳಾಯಿತು. ಮೊದಲು ಸಣ್ಣ ಟೇಬಲ್‌ಗಳಲ್ಲಿ ಗೆಲ್ಲುತ್ತಿದ್ದನಂತೆ. ಇಲ್ಲಿನ ತಾಣಗಳು ನಿಂತ ಮೇಲೆ ಯಾರೋ ಏಜೆಂಟನ ಮೂಲಕ ವಿದೇಶದ ಆ್ಯಪ್‌ನಲ್ಲಿ ಆಡುತ್ತಾನೆ. ಬೆಳಗಿನ ಜಾವ ನಾಲ್ಕರವರೆಗೂ ಅವನ ಕೋಣೆಯ ದೀಪ ಉರಿಯುತ್ತದೆ. ಕಬ್ಬಿನ ಬಾಬ್ತು ಬಂದ ಹಣದಲ್ಲಿ ಒಂದು ಭಾಗ ಹೋಗಿದೆ, ಸಾಲದ ಆ್ಯಪ್‌ಗಳಿಂದಲೂ ತೆಗೆದಿದ್ದಾನೆ. ದೊಡ್ಡ ಟೇಬಲ್‌ಗೆ ಹೋದ ಮೇಲೆ ಗಮನ ನಿಲ್ಲುತ್ತಿಲ್ಲ, ಅದೊಂದು ಸರಿಹೋದರೆ ಎರಡು ತಿಂಗಳಲ್ಲಿ ಎಲ್ಲ ತೀರಿಸುತ್ತೇನೆ ಎನ್ನುತ್ತಾನೆ. ಅವನಿಗೆ ಗಮನ ಹೆಚ್ಚಿಸಲು ಏನು ಹೇಳಲಿ?

ತರಬೇತುದಾರರು: ಉಳಿದ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ತಮ್ಮ ದೊಡ್ಡ ಟೇಬಲ್‌ಗೆ ಹೋದದ್ದು ಸಾಲ ಬೆಳೆದದ್ದಕ್ಕೆ. ಸ್ಟೇಕ್ಸ್ ಏರುವವನ ಬಳಿ ಆ ಟೇಬಲ್‌ನ ಮೂವತ್ತು ನಲವತ್ತು ಬೈ-ಇನ್‌ಗಳಷ್ಟು (ಒಮ್ಮೆ ಟೇಬಲ್‌ಗೆ ಕೂರಲು ತರುವ ಮೊತ್ತವೇ ಬೈ-ಇನ್), ಕಳೆದುಕೊಂಡರೂ ಮನೆ ನಡೆಯುವಂಥ ಹಣ ಬೇರೆಯಾಗಿ ಇರಬೇಕು, ಮತ್ತು ಅದು ಇಷ್ಟಕ್ಕೆ ಇಳಿದರೆ ಕೆಳಗೆ ಬರುತ್ತೇನೆ ಎಂಬ ಗೆರೆಯನ್ನು ಅವನು ಮೊದಲೇ ಎಳೆದುಕೊಂಡಿರಬೇಕು. ನಾಳೆ ಕಂತು ಕಟ್ಟಬೇಕಾದ ಹಣದಿಂದ ಆಡುವಾಗ ಯಾರ ಗಮನವೂ ನಿಲ್ಲುವುದಿಲ್ಲ, ನನ್ನದೂ ನಿಲ್ಲುತ್ತಿರಲಿಲ್ಲ. ಕಳೆದದ್ದನ್ನು ಮರಳಿ ಪಡೆಯಲೆಂದೇ ಆಡುವುದು, ಅದಕ್ಕಾಗಿ ಸಾಲ ಮಾಡುವುದು, ನಿದ್ದೆ ಬಿಡುವುದು, ಕೆಲಸ ಬಿಡುವುದು, ಇವು ಚಟದ ಗುರುತುಗಳು. ತರಬೇತುದಾರನ ಕೆಲಸ ಇಲ್ಲಿಗೆ ಮುಗಿಯುತ್ತದೆ, ಇನ್ನು ಮುಂದೆ ವೈದ್ಯರು ಬೇಕು. ಆದ್ದರಿಂದ ಗಮನ ಹೆಚ್ಚಿಸುವ ಯಾವ ಉಪಾಯವನ್ನೂ ನಾನು ನಿಮ್ಮ ತಮ್ಮನಿಗಾಗಿ ಬರೆಯುವುದಿಲ್ಲ. ಬರೆದರೆ ಇನ್ನೂ ಎರಡು ತಿಂಗಳು ಆಡಲು ಅವರಿಗೆ ಒಂದು ಕಾರಣ ಕೊಟ್ಟಂತಾಗುತ್ತದೆ.

ಏಜೆಂಟರ ಆ್ಯಪ್‌ಗಳ ವಿಷಯ ನೇರವಾಗಿ ಹೇಳುತ್ತೇನೆ. ಅಲ್ಲಿ ಎಲೆ ಹಂಚುವುದು ನ್ಯಾಯವಾಗಿದೆಯೇ, ಎದುರು ಕುಳಿತ ಇಬ್ಬರು ತಮ್ಮ ಎಲೆಗಳನ್ನು ಪರಸ್ಪರ ಹೇಳಿಕೊಳ್ಳುತ್ತಿದ್ದಾರೆಯೇ, ಗೆದ್ದ ಹಣ ಕೈಗೆ ಬರುತ್ತದೆಯೇ, ಯಾವುದನ್ನೂ ಪರಿಶೀಲಿಸುವವರಿಲ್ಲ. ಅಲ್ಲಿ ಕೌಶಲದ ಮಾತೇ ಬರುವುದಿಲ್ಲ.

ಇವತ್ತೇ ಮಾಡಬಹುದಾದದ್ದನ್ನು ಹೇಳುತ್ತೇನೆ. ತಮ್ಮನನ್ನು ತಂದೆಯವರ ಎದುರು ನಿಲ್ಲಿಸಿ ಬೈಯಬೇಡಿ. ಯಾರಿಗೆ ಎಷ್ಟು ಕೊಡಬೇಕೆಂದು ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ. ನಿಜವಾದ ಮೊತ್ತ ಮೊದಲ ದಿನ ಹೊರಬರಲಿಕ್ಕಿಲ್ಲ, ಅದಕ್ಕೆ ಸಿಟ್ಟಾಗಬೇಡಿ. ತೀರಿಸುವ ಹಣವನ್ನು ತಮ್ಮನ ಕೈಗೆ ಕೊಡದೆ ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಿ. ಒಂದು ಆ್ಯಪ್‌ನ ಸಾಲ ತೀರಿಸಲು ಇನ್ನೊಂದರಿಂದ ತೆಗೆಯಬೇಡಿ. ಸಾಲದ ಆ್ಯಪ್‌ನವರು ತಿರುಚಿದ ಚಿತ್ರಗಳನ್ನು ಪರಿಚಯದವರಿಗೆ ಕಳುಹಿಸುವುದಾಗಿ ಹೆದರಿಸಿದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು ಮತ್ತು ಆನ್‌ಲೈನ್ ಆಟದ ಗೀಳಿಗೆಂದೇ ಶಟ್ ಕ್ಲಿನಿಕ್ ನಡೆಯುತ್ತಿದೆ. ಬದುಕು ಸಾಕು ಎಂಬರ್ಥದ ಮಾತು ನಿಮ್ಮ ತಮ್ಮನ ಬಾಯಿಂದ ಬಂದಿದೆಯೇ? ದಯವಿಟ್ಟು ಇದೊಂದಕ್ಕೆ ಮೊದಲು ಉತ್ತರಿಸಿ.

ಹೂಟಗಳ್ಳಿಯ ಸದಸ್ಯ: ಸರ್, ಚದುರಂಗಕ್ಕೂ ಇದೇ ನಿಯಮ ಅನ್ವಯಿಸುತ್ತದೆಯೇ? ಮಗ ಆನ್‌ಲೈನಿನಲ್ಲಿ ದಿನಕ್ಕೆ ನಲವತ್ತು ಆಟ ಆಡುತ್ತಾನೆ.

ಪಾಂಡವಪುರದ ಅಣ್ಣ: ಮದ್ದೂರಿನವರೇ, ತಮ್ಮನಿಗೆ ಮದುವೆ ಮಾಡಿಬಿಡಿ, ಜವಾಬ್ದಾರಿ ಬಂದರೆ ತಾನೇ ಬಿಡುತ್ತಾನೆ. ಒಂದು ಮಂತ್ರದ ಆಡಿಯೊ ಕೂಡ ಇದೆ, ಕಳುಹಿಸುತ್ತೇನೆ.

ತರಬೇತುದಾರರು: ಕಳುಹಿಸಬೇಡಿ. ಸಾಲದಲ್ಲಿ ಮುಳುಗಿದ ಹುಡುಗನಿಗೆ ಮದುವೆ ಮಾಡಿದರೆ ಇನ್ನೊಂದು ಮನೆಯ ಹೆಣ್ಣುಮಗಳೂ ಮುಳುಗುತ್ತಾಳೆ. ಎರಡನೆಯ ಬಾರಿ ಹೇಳುತ್ತಿದ್ದೇನೆ, ಅಣ್ಣ.

ಪಾಂಡವಪುರದ ಅಣ್ಣ: ಹಿರಿಯರೊಂದಿಗೆ ಮಾತನಾಡುವ ರೀತಿಯೇ ಇದು?

ರಾಮಕೃಷ್ಣನಗರದ ಸದಸ್ಯ: ಒಬ್ಬ ಹುಡುಗ ಹಾದಿ ತಪ್ಪಿದ ಮಾತ್ರಕ್ಕೆ ಆಟವನ್ನೇ ದೂರುವುದು ಸರಿಯಲ್ಲ.

ನಿವೃತ್ತ ಗಣಿತ ಮೇಷ್ಟ್ರು: ಒಬ್ಬನೇ ಎಂದು ನಿಮಗೆ ಯಾರು ಹೇಳಿದರು? ನಾನು ಪಾಠ ಹೇಳಿದ ಇಬ್ಬರು ಹುಡುಗರು ಊರು ಬಿಟ್ಟಿದ್ದಾರೆ. ನಿಮ್ಮ 1968ರ ತೀರ್ಪನ್ನು ಅವರ ತಾಯಂದಿರಿಗೆ ಓದಿ ಹೇಳಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮುಂದಿನ ವೈಯಕ್ತಿಕ ಮಾತನ್ನು ಅಳಿಸಲಾಗುವುದು.

ಹೆಬ್ಬಾಳದ ಸದಸ್ಯ: ಟೇಬಲ್ ಸಂಖ್ಯೆ ಹೇಳಲಿಲ್ಲ ಸರ್. ನಾಲ್ಕೋ ಆರೋ?

ಲೀಡ್ಸ್‌ನಲ್ಲಿರುವ ಮೈಸೂರಿಗ: ಸರ್, ಬೇರೆ ಮಾಡಿ ನೋಡಿದೆ. ರಿವರ್‌ನ ದೊಡ್ಡ ಬೆಟ್‌ಗಳಿಗೆ ಮೊದಲ ಗಂಟೆಯಲ್ಲಿ ಹತ್ತಕ್ಕೆ ಮೂರು ಬಾರಿ ಕಾಲ್ ಮಾಡಿದ್ದೇನೆ, ಮೂರನೆಯ ಗಂಟೆಯಲ್ಲಿ ಹತ್ತಕ್ಕೆ ಆರು ಬಾರಿ.

ತರಬೇತುದಾರರು: ಮಾದರಿ ಚಿಕ್ಕದು, ಆದರೂ ನಾನು ನಿರೀಕ್ಷಿಸಿದ್ದು ಅದೇ. ದಣಿದವನಿಗೆ ಯೋಚಿಸುವುದಕ್ಕಿಂತ ಕಾಲ್ ಒತ್ತಿ ನೋಡಿಬಿಡುವುದು ಸುಲಭ. ಮೂರನೆಯ ಗಂಟೆಯನ್ನು ಇಂದಿನಿಂದಲೇ ಬಿಡಿ.

ಮದ್ದೂರಿನ ಸದಸ್ಯ: ಸರ್, ತಡವಾಯಿತು, ಅವನೊಂದಿಗೆ ಮಾತನಾಡುತ್ತಿದ್ದೆ. ಹೋದ ವಾರ ಅಮ್ಮನ ಹತ್ತಿರ ಹಾಗೊಂದು ಮಾತು ಆಡಿದ್ದನಂತೆ, ಅಮ್ಮ ನನಗೆ ಹೇಳಿರಲಿಲ್ಲ. ಈಗ ಫೋನನ್ನು ಅವನೇ ನನ್ನ ಕೈಗೆ ಕೊಟ್ಟಿದ್ದಾನೆ. ಬೆಳಿಗ್ಗೆ ಮಂಡ್ಯಕ್ಕೆ ಹೋಗೋಣ ಎಂದರೆ ಬೇಡ ಎನ್ನಲಿಲ್ಲ.

ತರಬೇತುದಾರರು: ಇವತ್ತು ರಾತ್ರಿ ಅವರನ್ನು ಒಬ್ಬರನ್ನೇ ಮಲಗಲು ಬಿಡಬೇಡಿ, ನೀವು ಅದೇ ಕೋಣೆಯಲ್ಲಿ ಮಲಗಿ. ಗದ್ದೆಗೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಈಗಲೇ ಬೇರೆಯವರ ಮನೆಗೆ ಸಾಗಿಸಿ. 14416ಕ್ಕೆ ಬೆಳಗಿನವರೆಗೆ ಕಾಯದೆ ಈಗಲೇ ಕರೆ ಮಾಡಿ, ಆ ಮಾತನ್ನು ಅಮ್ಮ ಹೇಳಿದ ಹಾಗೆಯೇ ಅವರಿಗೆ ತಿಳಿಸಿ. ಆಸ್ಪತ್ರೆಯಲ್ಲೂ ಅದನ್ನೇ ಮೊದಲು ಹೇಳಿ, ಸಾಲದ ಹಾಳೆಯನ್ನು ಆಮೇಲೆ ತೋರಿಸಿ. ನನ್ನ ಸಂಖ್ಯೆಯನ್ನು ಖಾಸಗಿಯಾಗಿ ಕಳುಹಿಸಿದ್ದೇನೆ, ಎಷ್ಟು ಹೊತ್ತಿಗಾದರೂ ಕರೆ ಮಾಡಿ.

ಹೆಬ್ಬಾಳದ ಸದಸ್ಯ: ಸರ್?

ನಿರ್ವಾಹಕರು: ಇಂದಿನ ಪ್ರಶ್ನೋತ್ತರವನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಮದ್ದೂರಿನವರೇ, ಬೆಳಿಗ್ಗೆ ಮಂಡ್ಯದಲ್ಲಿ ಜೊತೆಗೆ ಯಾರಾದರೂ ಬೇಕಿದ್ದರೆ ತಿಳಿಸಿ, ನಾನು ಬರುತ್ತೇನೆ.

ನಿವೃತ್ತ ಗಣಿತ ಮೇಷ್ಟ್ರು: ನಾನೂ ಬರುತ್ತೇನೆ. ನನ್ನ ಮನೆ ಆಸ್ಪತ್ರೆಗೆ ಹತ್ತಿರ.